ಹಬೆಯ ನಡುವೆ ಎರಡು ಕ್ಯಾಮೆರಾ: ಯೆಲ್ಲೊಸ್ಟೋನಿಗೆ ಒಯ್ದ ಸಲಕರಣೆಗಳ ವಿಮರ್ಶೆ

ನಮ್ಮ ಮನೆಗಳಲ್ಲಿ ಗೀಸರ್ ಎಂದರೆ ಬಚ್ಚಲುಮನೆಯ ಗೋಡೆಗೆ ತೂಗುಹಾಕಿದ, ನೀರು ಕಾಯಿಸುವ ಪೆಟ್ಟಿಗೆ. ಅದನ್ನು ಒಮ್ಮೆಯಾದರೂ ಬಿಚ್ಚಿಸಿ, ಒಳಗಿನ ಕಾಯಿಲ್ ಮೇಲೆ ಬೋರ್‌ವೆಲ್ ನೀರು ಕಟ್ಟಿದ ಬಿಳಿ ಪದರವನ್ನು ಕೆರೆದು ತೆಗೆಸಿದವರಿಗೆ, ಅಮೆರಿಕದ ಯೆಲ್ಲೊಸ್ಟೋನಿನ ನಿಜವಾದ ಗೀಸರ್‌ಗಳ, ಅಂದರೆ ನೆಲದೊಳಗಿಂದ ಬಿಸಿನೀರು ಚಿಮ್ಮುವ ಬುಗ್ಗೆಗಳ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುವವರ ಕಷ್ಟ ಅರ್ಧದಷ್ಟು ಅರ್ಥವಾದಂತೆಯೇ. ಅಲ್ಲಿನ ನೀರು ಕೂಡ ಬಿದ್ದು ಒಣಗಿದಲ್ಲೆಲ್ಲ ಬಿಳಿ ಪದರ ಕಟ್ಟುತ್ತದೆ. ಆದರೆ ಅದು ಬೀಳುವುದು ನಾವು ವರ್ಷಗಟ್ಟಲೆ ಹಣ ಕೂಡಿಸಿಟ್ಟು ಕೊಂಡ ಲೆನ್ಸಿನ ಮೇಲೆ. ಮೇಲಾಗಿ ಅದು ನಿಂಬೆಹುಳಿಗೆ ಕರಗುವ ಜಾತಿಯ ಪದರವಲ್ಲ. ಬೋರ್‌ವೆಲ್ ನೀರು ಬಿಡುವುದು ಬಹುಮಟ್ಟಿಗೆ ಸುಣ್ಣದ ಅಂಶವನ್ನು. ಗೀಸರ್ ನೀರು ಬಿಡುವುದು ಸಿಲಿಕಾವನ್ನು, ಅಂದರೆ ಗಾಜು ಯಾವುದರಿಂದ ಆಗಿದೆಯೋ ಹೆಚ್ಚುಕಡಿಮೆ ಅದೇ ವಸ್ತುವನ್ನು. ಗಾಜಿನ ಮೇಲೆ ಕೂತ ಗಾಜನ್ನು ಬಟ್ಟೆಯಿಂದ ಒರೆಸಿ ತೆಗೆಯಲಾಗದು ಎಂಬುದನ್ನು ನಾನು ಹಣ ಕೊಟ್ಟು ಕಲಿತಿದ್ದೇನೆ. ಆ ಕಥೆಯನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಸೆಪ್ಟೆಂಬರ್ ತಿಂಗಳಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ, ಅಕ್ಕ, ಭಾವ ಮತ್ತು ನಾನು ನಾಲ್ಕು ದಿನ ಯೆಲ್ಲೊಸ್ಟೋನಿನಲ್ಲಿದ್ದೆವು. ನನ್ನ ಬಳಿ ಮೈಸೂರಿನಿಂದ ತಂದಿದ್ದ ನಿಕಾನ್ ಝಡ್6 ಎರಡನೆಯ ಆವೃತ್ತಿ ಮತ್ತು 24-120 ಎಂಎಂ ಎಫ್/4 ಲೆನ್ಸ್ ಇದ್ದವು. ಭಾವನವರ ಬಳಿ ಓಎಂ ಸಿಸ್ಟಂ ಕಂಪನಿಯ ಓಎಂ-1 ಮತ್ತು 12-100 ಎಂಎಂ ಎಫ್/4 ಲೆನ್ಸ್ ಇದ್ದವು. ಇವಲ್ಲದೆ ಅಲ್ಲಿನ ಅಂಗಡಿಯೊಂದರಿಂದ ಬಾಡಿಗೆಗೆ ತಂದ ಒಂದು ಅತಿ ಅಗಲ ಕೋನದ ಲೆನ್ಸ್, ಎರಡು ಟ್ರೈಪಾಡ್, ಒಂದಷ್ಟು ಫಿಲ್ಟರ್ ಮತ್ತು ಮೂವರ ಫೋನುಗಳು. ಎರಡು ದಿನ ಕಳೆದ ಮೇಲೆ ನಾನೂ ಭಾವನೂ ಕ್ಯಾಮೆರಾಗಳನ್ನು ಅದಲುಬದಲು ಮಾಡಿಕೊಂಡೆವು. ಈ ಬರಹ ಆ ನಾಲ್ಕು ದಿನಗಳ ಬಳಕೆಯ ಮೇಲೆ ನಿಂತಿದೆಯೇ ಹೊರತು ಪ್ರಯೋಗಾಲಯದ ಅಳತೆಗಳ ಮೇಲಲ್ಲ.

ಜಾಗದ ಬಗ್ಗೆ ಒಂದಿಷ್ಟು ಹೇಳದೆ ಸಲಕರಣೆಯ ಮಾತು ಆರಂಭಿಸಿದರೆ ಅದಕ್ಕೆ ಅರ್ಥ ಬರುವುದಿಲ್ಲ. 1872ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಯೆಲ್ಲೊಸ್ಟೋನಿನಲ್ಲಿ ಬಿಸಿನೀರಿನ ಕೊಳ, ಕೆಸರು ಕುದಿಯುವ ಗುಂಡಿ, ಹಬೆ ಕಾರುವ ಬಿಲ ಮತ್ತು ಚಿಮ್ಮುವ ಬುಗ್ಗೆಗಳೆಲ್ಲ ಸೇರಿ ಸುಮಾರು 10,000 ಭೂಶಾಖದ ತಾಣಗಳಿವೆ; ಅವುಗಳಲ್ಲಿ 500ಕ್ಕೂ ಹೆಚ್ಚು ಚಿಮ್ಮುವ ಗೀಸರ್‌ಗಳು, ಅಂದರೆ ಜಗತ್ತಿನ ಗೀಸರ್‌ಗಳಲ್ಲಿ ಸುಮಾರು ಅರ್ಧ ಭಾಗ. ಇವುಗಳಲ್ಲಿ ಆರರ ಸಮಯವನ್ನು ಮಾತ್ರ ಉದ್ಯಾನದ ಸಿಬ್ಬಂದಿ ಮುಂಚಿತವಾಗಿ ಅಂದಾಜು ಮಾಡಿ ತಿಳಿಸುತ್ತಾರೆ: ಓಲ್ಡ್ ಫೇತ್‌ಫುಲ್, ಗ್ರ್ಯಾಂಡ್, ಕ್ಯಾಸಲ್, ಡೈಸಿ, ರಿವರ್‌ಸೈಡ್ ಮತ್ತು ಗ್ರೇಟ್ ಫೌಂಟನ್. ಓಲ್ಡ್ ಫೇತ್‌ಫುಲ್ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ; ಅಲ್ಲಿ ನೀರು 93 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಸೆಪ್ಟೆಂಬರಿನ ಮುಂಜಾನೆ ಗಾಳಿ ಮಂಜುಗಟ್ಟುವಷ್ಟು ತಣ್ಣಗಿರುತ್ತದೆ. ಕುದಿಯುವ ನೀರು, ಕೊರೆಯುವ ಗಾಳಿ, ನೀರಿನಲ್ಲಿ ಕರಗಿರುವ ಖನಿಜ, ಹಲಗೆ ದಾರಿಯನ್ನು ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡುವಂತಿಲ್ಲ ಎಂಬ ಕಾನೂನು: ಕ್ಯಾಮೆರಾ ಸಲಕರಣೆಯ ಆಯ್ಕೆಯನ್ನು ತೀರ್ಮಾನಿಸುವುದು ಈ ನಾಲ್ಕು ಸಂಗತಿಗಳು. ಮೆಗಾಪಿಕ್ಸೆಲ್‌ಗಳ ಲೆಕ್ಕ ಇವುಗಳ ನಂತರದ್ದು.

ಮೊದಲು ಲೆನ್ಸಿನ ವಿಚಾರ. ಓಲ್ಡ್ ಫೇತ್‌ಫುಲ್ ಚಿಮ್ಮುವ ಎತ್ತರ 32ರಿಂದ 56 ಮೀಟರ್. ನೀವು ಅದರಿಂದ ನೂರು ಮೀಟರ್ ದೂರದಲ್ಲಿ ನಿಂತಿದ್ದೀರಿ ಎಂದುಕೊಂಡರೆ, 50 ಮೀಟರ್ ಎತ್ತರದ ನೀರಿನ ಕಂಬವು ಫುಲ್‌ಫ್ರೇಮ್ ಕ್ಯಾಮೆರಾವನ್ನು, ಅಂದರೆ ನನ್ನ ನಿಕಾನಿನಂತೆ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾವನ್ನು, ಲಂಬವಾಗಿ ಹಿಡಿದಾಗ ಸುಮಾರು 75 ಎಂಎಂನಲ್ಲಿ ಚೌಕಟ್ಟನ್ನು ಪೂರ್ತಿ ತುಂಬುತ್ತದೆ (ಎಂಎಂ ಹೆಚ್ಚಿದಷ್ಟೂ ನೋಟ ಕಿರಿದು, ದೂರದ್ದು ಹತ್ತಿರ). ತಲೆಯ ಮೇಲೆ ಆಕಾಶಕ್ಕೂ, ಗಾಳಿಗೆ ಪಕ್ಕಕ್ಕೆ ವಾಲುವ ಹಬೆಗೂ ಜಾಗ ಬಿಟ್ಟರೆ 50 ಎಂಎಂ ಸಾಕು. ಅಂದರೆ ಜಗತ್ತಿನ ಅತ್ಯಂತ ಪ್ರಸಿದ್ಧ ಗೀಸರ್‌ಗೆ ಬೇಕಾಗಿರುವುದು ತೀರ ಸಾಧಾರಣವಾದ ಲೆನ್ಸ್. ದೊಡ್ಡ ಟೆಲಿ ಲೆನ್ಸ್ ಹೊತ್ತು ತಂದು ಅಲ್ಲಿನ ಬೆಂಚುಗಳ ಮೇಲೆ ಜಾಗ ಹಿಡಿದಿದ್ದವರು, ನೀರು ಮೇಲೇಳುತ್ತಿದ್ದಂತೆ ಗಾಬರಿಯಿಂದ ಲೆನ್ಸ್ ಬದಲಿಸತೊಡಗಿದ್ದನ್ನು ಕಂಡೆ. ಆಟ ಮುಗಿಯುವುದು ಒಂದೂವರೆಯಿಂದ ಐದು ನಿಮಿಷಗಳಲ್ಲಿ. ಅವರ ಅರ್ಧ ಆಟ ಚೀಲದೊಳಗೇ ಮುಗಿದಿತ್ತು.

ಟೆಲಿ ತುದಿ ಬೇಕಾಗುವುದು ಬೇರೆ ಕಡೆ. ಗೀಸರ್‌ನ ಬಾಯಿಯ ಬಳಿ ಸಿಡಿಯುವ ಹನಿಗಳು, ಕೊಳದ ಅಂಚಿನಲ್ಲಿ ಕಿತ್ತಳೆ ಮತ್ತು ಕಂದು ಬಣ್ಣದ ಸೂಕ್ಷ್ಮಜೀವಿಗಳ ಹಾಸಿನ ಮೇಲೆ ಹರಿಯುವ ನೀರಿನ ಎಳೆಗಳು, ಹಬೆಯ ಹಿಂದೆ ಸತ್ತು ಬಿಳಚಿಕೊಂಡು ನಿಂತ ಪೈನ್ ಮರಗಳು, ಇವಕ್ಕೆಲ್ಲ 120 ಎಂಎಂ ಸಾಲದು ಎಂದು ಎರಡನೆಯ ದಿನವೇ ನನಗೆ ಅನ್ನಿಸಿತು. ಭಾವನವರ 12-100 ಲೆನ್ಸ್, ಆ ಕ್ಯಾಮೆರಾದ ಸಣ್ಣ ಸೆನ್ಸರಿನಿಂದಾಗಿ, ಫುಲ್‌ಫ್ರೇಮ್ ಲೆಕ್ಕದಲ್ಲಿ 24ರಿಂದ 200ರವರೆಗೆ ಹೋಗುತ್ತದೆ. ತೂಕದಲ್ಲಿ ಮಾತ್ರ ನಾನೆಣಿಸಿದಷ್ಟು ಅಂತರವಿಲ್ಲ: ನನ್ನ ನಿಕಾನ್ ಜೋಡಿ 705 ಮತ್ತು 630 ಸೇರಿ 1,335 ಗ್ರಾಂ, ಅವರದ್ದು 599 ಮತ್ತು 561 ಸೇರಿ 1,160 ಗ್ರಾಂ. ಸಣ್ಣ ಸೆನ್ಸರ್ ಎಂದರೆ ಜೇಬಿಗೆ ಹೋಗುವ ಕ್ಯಾಮೆರಾ ಎಂದುಕೊಳ್ಳುವವರು ಈ 175 ಗ್ರಾಂ ವ್ಯತ್ಯಾಸವನ್ನು ನೋಡಬೇಕು. ಆದರೆ ನಿಕಾನಿನಲ್ಲಿ 200 ಎಂಎಂ ಮುಟ್ಟಲು ಇನ್ನೊಂದು ಲೆನ್ಸನ್ನು ಹೊರಬೇಕು. ಹೊರುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಅದನ್ನು ಹಬೆಯ ನಡುವೆ ಬದಲಿಸಬೇಕು.

ನನ್ನ ಇಡೀ ವಿಮರ್ಶೆ ತಿರುಗುವುದು ಈ ಬದಲಿಸುವ ಕೆಲಸದ ಸುತ್ತ. ಬಿಸಿನೀರಿನ ತಾಣಗಳಲ್ಲಿ ಲೆನ್ಸನ್ನು ಬಿಚ್ಚಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತಣ್ಣಗಿನ ಸೆನ್ಸರಿನ ಮೇಲೆ ಬೆಚ್ಚಗಿನ ತೇವ ಕೂರುವುದು, ಆ ತೇವದಲ್ಲಿ ಖನಿಜದ ಕಣಗಳಿರುವುದು ಒಂದು ಕಾರಣ. ಹಲಗೆ ದಾರಿಯ ಮೇಲೆ ಕೈತಪ್ಪಿ ಬಿದ್ದ ಮುಚ್ಚಳ ಉರುಳಿ ಆಚೆ ಹೋದರೆ ಅದು ಹೋದಂತೆಯೇ ಎಂಬುದು ಎರಡನೆಯದು. ಅದನ್ನು ತೆಗೆಯಲು ಕೆಳಗಿಳಿಯುವುದು ಕಾನೂನುಬಾಹಿರವಷ್ಟೇ ಅಲ್ಲ, ಪ್ರಾಣಾಪಾಯವೂ ಹೌದು. ಗಟ್ಟಿನೆಲದಂತೆ ಕಾಣುವುದು ಎಷ್ಟೋ ಕಡೆ ಕುದಿನೀರಿನ ಮೇಲಿನ ತೆಳ್ಳಗಿನ ಹಪ್ಪಳ. ಯೆಲ್ಲೊಸ್ಟೋನಿನ ಬಿಸಿನೀರಿನಲ್ಲಿ ಸುಟ್ಟುಕೊಂಡು ಸತ್ತವರ ದಾಖಲಾದ ಸಂಖ್ಯೆ 20ನ್ನು ದಾಟಿದೆ. ಲೆನ್ಸಿನ ಮುಚ್ಚಳಕ್ಕೆ ದಾರ ಕಟ್ಟಿಕೊಳ್ಳುವುದು ಹಳೆಯ ಕಾಲದ ಅಭ್ಯಾಸವೆಂದು ನಗುತ್ತಿದ್ದ ನಾನು ಮೊದಲ ದಿನದ ಗಾಳಿಗೆ ಹೆದರಿ, ಅಕ್ಕನ ಹೊಲಿಗೆ ಡಬ್ಬಿಯಿಂದ ಎಲಾಸ್ಟಿಕ್ ಪಡೆದು ಕಟ್ಟಿಕೊಂಡೆ.

ಈಗ ಬಾಡಿಗೆ ಲೆನ್ಸಿನ ಕಥೆ. ಮುಂಭಾಗದ ಗಾಜು ಗುಬುಟಿನಂತೆ ಉಬ್ಬಿರುವ, ಫಿಲ್ಟರ್ ಕೂರಿಸಲು ಮುಂದೆ ತಿರುಪೇ ಇಲ್ಲದ ಜಾತಿಯ ಲೆನ್ಸ್ ಅದು. ಅದರ ಚಿತ್ರದ ಗುಣಮಟ್ಟದ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಗ್ರ್ಯಾಂಡ್ ಗೀಸರ್, ಮುಂಚಿತವಾಗಿ ಸಮಯ ಹೇಳಬಹುದಾದ ಗೀಸರ್‌ಗಳಲ್ಲೆಲ್ಲ ಅತಿ ಎತ್ತರದ್ದು. 60 ಮೀಟರ್‌ವರೆಗೆ ಏಳುತ್ತದೆ, ಒಂಬತ್ತರಿಂದ ಹನ್ನೆರಡು ನಿಮಿಷ ಆಡುತ್ತದೆ, ಬೆಂಚುಗಳೂ ಓಲ್ಡ್ ಫೇತ್‌ಫುಲ್‌ಗಿಂತ ಬಹಳ ಹತ್ತಿರ. ಅಷ್ಟು ಹತ್ತಿರದಿಂದ ಇಡೀ ಕಂಬವನ್ನು ಹಿಡಿಯಲು ಅಗಲ ಕೋನದ ಲೆನ್ಸ್ ನಿಜವಾಗಿಯೂ ಬೇಕು ಎಂಬ ಲೆಕ್ಕಾಚಾರ ತಪ್ಪೇನೂ ಆಗಿರಲಿಲ್ಲ. ನಾಲ್ಕನೇ ನಿಮಿಷಕ್ಕೆ ಗಾಳಿ ತಿರುಗಿತು. ತಲೆಯ ಮೇಲೆ ಸೋನೆಯಂತೆ ಬಿದ್ದ ನೀರು ಉಗುರುಬೆಚ್ಚಗೂ ಇರಲಿಲ್ಲ. ಎಲ್ಲರೂ ನಗುತ್ತ ನೆನೆದೆವು. ಲೆನ್ಸನ್ನು ಒರೆಸಿದ್ದು ಮುಕ್ಕಾಲು ಗಂಟೆಯ ನಂತರ, ಕಾರಿನ ಬಳಿ ಬಂದ ಮೇಲೆ. ಅಷ್ಟರಲ್ಲಿ ಬಿಸಿಲಿಗೆ ಹನಿಗಳು ಒಣಗಿ, ಗಾಜಿನ ಮೇಲೆ ಸಾಸಿವೆ ಗಾತ್ರದ ಉಂಗುರಗಳು ಉಳಿದಿದ್ದವು. ಲೆನ್ಸ್ ದ್ರಾವಣ, ಬಟ್ಟಿ ಇಳಿಸಿದ ನೀರು, ಬಾಯಿಯ ಹಬೆ, ಯಾವುದಕ್ಕೂ ಅವು ಜಗ್ಗಲಿಲ್ಲ. ಅಂಗಡಿಯವರು ಮುಂಗಡದಲ್ಲಿ ಒಂದಷ್ಟು ಹಿಡಿದುಕೊಂಡರು. ತಪ್ಪು ನನ್ನದಾದ್ದರಿಂದ ವಾದಿಸಲು ಏನೂ ಇರಲಿಲ್ಲ. ಅದೇ ಹೊತ್ತಿಗೆ, ಅದೇ ಸೋನೆಯಲ್ಲಿ ನೆನೆದ ಭಾವನವರ ಲೆನ್ಸಿನ ಮುಂದೆ ಸಾದಾ ಪಾರದರ್ಶಕ ಫಿಲ್ಟರ್ ಇತ್ತು. ಉಂಗುರಗಳು ಬಿದ್ದದ್ದು ಅದರ ಮೇಲೆ. ಮರುದಿನ ಅದನ್ನು ತಿರುಗಿಸಿ ತೆಗೆದು ಬೇರೊಂದು ಹಾಕಿಕೊಂಡರು, ಅಷ್ಟೇ.

ಲೆನ್ಸಿನ ರಕ್ಷಣೆಗೆಂದು ಪಾರದರ್ಶಕ ಫಿಲ್ಟರ್ ಹಾಕುವುದು ಚಿತ್ರದ ಹೊಳಪನ್ನು ಕೆಡಿಸುತ್ತದೆ, ಅದು ಅಂಗಡಿಯವರ ವ್ಯಾಪಾರದ ತಂತ್ರ ಎಂದು ಬಹಳ ವರ್ಷ ವಾದಿಸಿದವನು ನಾನು. ಸೂರ್ಯನಿಗೆ ಎದುರಾಗಿ ಹಿಡಿದಾಗ ಅದು ಸಣ್ಣದೊಂದು ಪ್ರತಿಫಲನವನ್ನು ಸೇರಿಸುವುದು ನಿಜವೂ ಹೌದು. ಆದರೆ ಗೀಸರ್‌ಗಳ ಮಟ್ಟಿಗೆ ಆ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ. ಇಲ್ಲಿ ಅದು ಬಲಿಗಾಜು. ಎರಡು ಕೊಂಡುಕೊಳ್ಳಿ, ದುಬಾರಿಯದು ಬೇಡ, ಲೇಪನ ಸುಮಾರಾಗಿದ್ದರೆ ಸಾಕು. ಹಾಗೆಯೇ ಅಗಲ ಕೋನದ ಲೆನ್ಸ್ ಬೇಕೇ ಬೇಕು ಎನ್ನುವವರು ಫಿಲ್ಟರ್ ತಿರುಪಿರುವುದನ್ನೇ ಆರಿಸಿಕೊಳ್ಳಬೇಕು. ನಿಕಾನಿನಲ್ಲಿಯೇ 14-30 ಎಂಎಂ ಎಫ್/4 ಲೆನ್ಸಿಗೆ 82 ಎಂಎಂ ಫಿಲ್ಟರ್ ನೇರವಾಗಿ ಕೂರುತ್ತದೆ. ನಾನು ಅದನ್ನು ಕೇಳಿದ್ದರೆ ಮುಂಗಡ ಉಳಿಯುತ್ತಿತ್ತು.

ಖನಿಜದ ವಿಚಾರದಲ್ಲಿ ಎಲ್ಲ ತಾಣಗಳೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಉದ್ಯಾನದ ಉತ್ತರ ಭಾಗದ ಮ್ಯಾಮತ್ ಬಿಸಿನೀರಿನ ಮೆಟ್ಟಿಲುಗಳಲ್ಲಿ ನೀರು ಸುಣ್ಣದಕಲ್ಲಿನ ಮೂಲಕ ಹಾದು ಬರುವುದರಿಂದ ಅಲ್ಲಿ ಕಟ್ಟುವುದು ಸುಣ್ಣದ ಪದರ, ನಮ್ಮ ಬೋರ್‌ವೆಲ್‌ನ ನೆಂಟ. ಅಲ್ಲಿ ಚಿಮ್ಮುವ ಗೀಸರ್‌ಗಳೂ ಇಲ್ಲ, ಆದ್ದರಿಂದ ಭಯ ಕಡಿಮೆ. 1871ರಲ್ಲಿ ಹೇಡನ್ ಸಮೀಕ್ಷಾ ತಂಡದೊಂದಿಗೆ ಬಂದಿದ್ದ ಛಾಯಾಗ್ರಾಹಕ ವಿಲಿಯಂ ಹೆನ್ರಿ ಜಾಕ್ಸನ್ ಇಲ್ಲಿ ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆದು, ಅವುಗಳನ್ನು ತೊಳೆಯಲು ಬುಗ್ಗೆಯ ಬಿಸಿನೀರನ್ನೇ ಬಳಸಿಕೊಂಡಿದ್ದ. ಬಿಸಿನೀರಿನಲ್ಲಿ ತೊಳೆದ ಫಲಕ ಬೇಗ ಒಣಗುತ್ತಿತ್ತು. ನಾವು ಹೆದರಿ ಒರೆಸುವ ನೀರು ಆತನಿಗೆ ಕೆಲಸದ ಸಾಧನವಾಗಿತ್ತು. ಫಲಕ, ರಾಸಾಯನಿಕ, ಕತ್ತಲ ಡೇರೆಗಳನ್ನೆಲ್ಲ ಹೇಸರಗತ್ತೆಯ ಮೇಲೆ ಹೇರಿಕೊಂಡು ತಿರುಗಿದ ಆತನ ಚಿತ್ರಗಳು ಮರುವರ್ಷ ಉದ್ಯಾನದ ಘೋಷಣೆಗೆ ನೆರವಾದವು ಎಂಬುದನ್ನು ನೆನೆದರೆ, 175 ಗ್ರಾಂ ಲೆಕ್ಕ ಹಾಕುವ ನನ್ನ ಬಗ್ಗೆ ನನಗೇ ನಾಚಿಕೆಯಾಗುತ್ತದೆ.

ನೀರು ಮತ್ತು ಧೂಳು ತಡೆಯುವ ಗುಣದ ಬಗ್ಗೆ ಜಾಹೀರಾತುಗಳು ಬಹಳ ಸಡಿಲವಾಗಿ ಮಾತಾಡುತ್ತವೆ. ಓಎಂ-1ಕ್ಕೆ ಐಪಿ53 ಎಂಬ ಅಧಿಕೃತ ದರ್ಜೆ ಇದೆ. ಇದರಲ್ಲಿ ಐದು ಧೂಳಿಗೆ, ಮೂರು ನೀರಿಗೆ ಸಂಬಂಧಿಸಿದ್ದು. ಮೂರು ಎಂದರೆ ಮೇಲಿನಿಂದ ಅರವತ್ತು ಡಿಗ್ರಿ ಓರೆಯವರೆಗೆ ಬೀಳುವ ಸಿಂಪಡಿಕೆಯನ್ನು ತಡೆದುಕೊಳ್ಳುತ್ತದೆ ಎಂದರ್ಥ. ಆದರೆ ಅದಕ್ಕೆ ಅಷ್ಟೇ ದರ್ಜೆಯ ಲೆನ್ಸ್ ಜೋಡಿಸಿದಾಗ ಮಾತ್ರ ಆ ಮಾತು ನಿಲ್ಲುತ್ತದೆ. ಜೋಡಿಯಲ್ಲಿ ಯಾವುದು ದುರ್ಬಲವೋ ಅದೇ ಇಡೀ ಜೋಡಿಯ ದರ್ಜೆ. ನಿಕಾನ್ ಝಡ್6 ಎರಡನೆಯ ಆವೃತ್ತಿಯೂ ತೇವ ತಡೆಯುವ ರಚನೆಯದ್ದೇ, ಆದರೆ ಅದಕ್ಕೆ ಇಂಥ ಅಂಕಿಯ ದರ್ಜೆಯಿಲ್ಲ. ನಾಲ್ಕು ದಿನಗಳಲ್ಲಿ ಎರಡೂ ಕ್ಯಾಮೆರಾಗಳು ನೆನೆದವು, ಎರಡೂ ನಿಲ್ಲದೆ ಕೆಲಸ ಮಾಡಿದವು. ಹಾಗೆಂದು ನಾಳೆಯೂ ಮಾಡುತ್ತವೆ ಎಂದು ಹೇಳಲಾರೆ, ಏಕೆಂದರೆ ಈ ದರ್ಜೆಗಳೆಲ್ಲ ಹನಿನೀರಿನ ಪರೀಕ್ಷೆಗಳು. ಹಬೆಯ ದಾರಿ ಬೇರೆ: ಅದು ಗಾಳಿಯೊಂದಿಗೆ ಒಳಗೆ ಹೋಗಿ, ತಣ್ಣಗಿನ ಭಾಗ ಸಿಕ್ಕಿದ ಕೂಡಲೇ ನೀರಾಗುತ್ತದೆ. ಝೂಮ್ ಮಾಡುವಾಗ ಉದ್ದವಾಗುವ ಲೆನ್ಸುಗಳು ಪ್ರತಿ ಬಾರಿಯೂ ಒಂದಿಷ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ನಮ್ಮ ಎರಡೂ ಲೆನ್ಸುಗಳು ಆ ಜಾತಿಯವೇ. ದಟ್ಟ ಹಬೆಯೊಳಗೆ ನಿಂತಿರುವಾಗ ಝೂಮ್ ತಿರುಗಿಸದೆ, ಗಾಳಿ ಸರಿದ ಮೇಲೆ ತಿರುಗಿಸುವ ಅಭ್ಯಾಸ ಮಾಡಿಕೊಂಡೆ.

ಮಂಜು ಕಟ್ಟುವ ವಿಷಯದಲ್ಲಿ ನಾನು ಕಲಿತದ್ದು, ನಾವು ಸಾಮಾನ್ಯವಾಗಿ ಕೇಳುವ ಸಲಹೆಗೆ ತದ್ವಿರುದ್ಧವಾದದ್ದು. ಎಸಿ ಕೋಣೆಯಿಂದ ಮಂಗಳೂರಿನ ಸೆಕೆಗೆ ಕ್ಯಾಮೆರಾ ತಂದೊಡನೆ ಗಾಜು ಮಂಕಾಗುವುದನ್ನು ಬಲ್ಲವರು, ಕ್ಯಾಮೆರಾವನ್ನು ಹೊರಗಿನ ಹವೆಗೆ ಮೊದಲೇ ಒಗ್ಗಿಸಿಕೊಳ್ಳಬೇಕು ಎಂದು ಹೇಳುತ್ತಾರೆ. ಹಾಗೆಂದೇ ಮೊದಲ ರಾತ್ರಿ ನಾನು ಕ್ಯಾಮೆರಾವನ್ನು ಕಾರಿನಲ್ಲಿ ಬಿಟ್ಟೆ. ಮುಂಜಾನೆ ಹಬೆಯ ಬಳಿ ಹೋದೊಡನೆ ತಣ್ಣಗಾಗಿದ್ದ ಗಾಜಿನ ಮೇಲೆ ನೀರು ಬೆವರಿನಂತೆ ಇಳಿಯಿತು. ಒರೆಸಿದಷ್ಟೂ ಮತ್ತೆ ಕೂತಿತು. ಇಲ್ಲಿ ಕ್ಯಾಮೆರಾ ಎದುರಿಸಬೇಕಾಗಿರುವುದು ಹೊರಗಿನ ಚಳಿಯನ್ನಲ್ಲ, ಚಳಿಯ ನಡುವೆ ತೇಲಿ ಬರುವ ಬೆಚ್ಚನೆಯ ಆವಿಯನ್ನು. ಆದ್ದರಿಂದ ಗಾಜು ಗಾಳಿಗಿಂತ ಬೆಚ್ಚಗಿರಬೇಕು. ನಕ್ಷತ್ರಗಳ ಚಿತ್ರ ತೆಗೆಯುವವರು ಬಳಸುವ, ಪವರ್‌ಬ್ಯಾಂಕಿಗೆ ಸಿಕ್ಕಿಸುವ ಯುಎಸ್‌ಬಿ ಬೆಚ್ಚನೆ ಪಟ್ಟಿಯೊಂದನ್ನು ಭಾವ ತಂದಿದ್ದರು. ಎರಡನೆಯ ಬೆಳಗ್ಗೆ ಅದನ್ನು ನನ್ನ ಲೆನ್ಸಿನ ಸುತ್ತ ಕಟ್ಟಿದಾಗ ಸಮಸ್ಯೆ ಹೇಳ ಹೆಸರಿಲ್ಲದಂತೆ ಹೋಯಿತು. ಕೊಟ್ಟ ಹಣಕ್ಕೆ ಇಷ್ಟು ಉಪಕಾರ ಮಾಡಿದ ಇನ್ನೊಂದು ವಸ್ತು ನಮ್ಮ ಚೀಲದಲ್ಲಿರಲಿಲ್ಲ. ಅದಿಲ್ಲದವರು ಕ್ಯಾಮೆರಾವನ್ನು ಕೋಣೆಯಲ್ಲೇ ಇಟ್ಟು, ಸ್ವೆಟರಿನೊಳಗೆ ಸುತ್ತಿ ತಂದು, ತೆಗೆಯುವ ಕ್ಷಣಕ್ಕೆ ಮಾತ್ರ ಹೊರಗೆಳೆದರೂ ನಡೆಯುತ್ತದೆ.

ಪ್ರತಿಫಲನವನ್ನು ತಗ್ಗಿಸುವ ಪೋಲರೈಸರ್ ಫಿಲ್ಟರ್ ಇಲ್ಲದೆ ಬಿಸಿನೀರಿನ ಕೊಳಗಳ ಚಿತ್ರಕ್ಕೆ ಹೋಗುವುದು, ಛತ್ರಿಯಿಲ್ಲದೆ ಆಗುಂಬೆಗೆ ಹೋದಂತೆ. ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಆಕಾಶದ ಬಿಳುಪನ್ನು ಅದು ಕತ್ತರಿಸಿದಾಗ, ಕೊಳದ ಒಳಗಿನ ನೀಲಿ ಗುಹೆಯೂ ಅಂಚಿನ ಹಳದಿಯೂ ಪರದೆ ಸರಿಸಿದಂತೆ ಎದ್ದು ಬರುತ್ತವೆ. ಇದರ ಪರಿಣಾಮ ಎಲ್ಲ ಕೋನಗಳಲ್ಲೂ ಸಮನಾಗಿರುವುದಿಲ್ಲ. ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಅತಿ ಹೆಚ್ಚು. ಹಲಗೆಯ ಮೇಲೆ ನಿಂತವರ ಕಣ್ಣು ನೀರಿನಿಂದ ಎರಡು ಮೀಟರ್ ಮೇಲಿದ್ದರೆ, ಆ ಕೋನ ಸಿಗುವುದು ಎರಡೂವರೆ ಮೀಟರಿಗಿಂತ ತುಸು ಆಚೆಯ ನೀರಿನಲ್ಲಿ. ಅದಕ್ಕಿಂತ ದೂರ ಹೋದಂತೆ ಪರಿಣಾಮ ಕುಗ್ಗುತ್ತದೆ. ಮಾರ್ನಿಂಗ್ ಗ್ಲೋರಿಯಂತಹ ಚಿಕ್ಕ ಕೊಳದಲ್ಲಿ ಅದು ಪವಾಡದಂತೆ ಕೆಲಸ ಮಾಡಿ, ದೊಡ್ಡ ಕೊಳಗಳ ಆಚೆಯ ದಡದಲ್ಲಿ ಸೋಲುವುದಕ್ಕೆ ಇದೇ ಕಾರಣ. ಫಿಲ್ಟರ್ ಕೆಟ್ಟಿದೆ ಎಂದು ಬಯ್ದುಕೊಳ್ಳಬೇಕಾಗಿಲ್ಲ.

ಪೋಲರೈಸರಿನ ಇನ್ನೊಂದು ಗುಣವನ್ನು ರಿವರ್‌ಸೈಡ್ ಗೀಸರ್‌ನಲ್ಲಿ ಕಂಡೆ. ಫೈರ್‌ಹೋಲ್ ನದಿಯ ದಡದಿಂದ ಓರೆಯಾಗಿ ನದಿಯ ಮೇಲೆ ಕಮಾನಿನಂತೆ ಚಿಮ್ಮುವ ಈ ಬುಗ್ಗೆಯ ಸೋನೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾಮನಬಿಲ್ಲು ಮೂಡುತ್ತದೆ; ಸುಮಾರು ಇಪ್ಪತ್ತು ನಿಮಿಷ ಚಿಮ್ಮುವುದರಿಂದ ಅವಸರವೂ ಇಲ್ಲ. ಕಾಮನಬಿಲ್ಲಿನ ಬೆಳಕೇ ಧ್ರುವೀಕರಣಗೊಂಡದ್ದು, ಅಂದರೆ ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು. ಫಿಲ್ಟರಿನ ಉಂಗುರವನ್ನು ಒಂದು ಕಡೆಗೆ ತಿರುಗಿಸಿದರೆ ಬಿಲ್ಲು ಗಾಢವಾಗುತ್ತದೆ, ಕಾಲು ಸುತ್ತು ತಿರುಗಿಸಿದರೆ ಬಿಲ್ಲಿನ ಆ ಭಾಗ ಮಾಯವೇ ಆಗುತ್ತದೆ. ಕೊಳದ ಚಿತ್ರಕ್ಕೆಂದು ಹೊಂದಿಸಿದ್ದ ಉಂಗುರವನ್ನು ಹಾಗೆಯೇ ಬಿಟ್ಟು ಇಪ್ಪತ್ತು ಚಿತ್ರ ತೆಗೆದು, ಪಕ್ಕದಲ್ಲಿ ಅಕ್ಕ ಬರಿಗಣ್ಣಿನಿಂದ ನೋಡಿ ಸಂಭ್ರಮಿಸುತ್ತಿದ್ದ ಕಾಮನಬಿಲ್ಲು ನನ್ನ ಪರದೆಯ ಮೇಲೆ ಮಾತ್ರ ಏಕಿಲ್ಲ ಎಂದು ಕಕ್ಕಾಬಿಕ್ಕಿಯಾದೆ. ಅಗಲ ಕೋನದಲ್ಲಿ ಈ ಫಿಲ್ಟರ್ ಆಕಾಶದ ಒಂದು ಪಟ್ಟಿಯನ್ನು ಮಾತ್ರ ಕಪ್ಪಾಗಿಸುತ್ತದೆ ಎಂಬ ದೋಷವೂ ಇದೆ. 35 ಎಂಎಂಗಿಂತ ಅಗಲಕ್ಕೆ ಹೋಗುವಾಗ ನಾನು ಅದನ್ನು ಅರ್ಧ ಮಾತ್ರ ತಿರುಗಿಸಿದೆ.

ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಕೊಳಕ್ಕೆ ಲೆನ್ಸಿಗಿಂತ ಮುಖ್ಯವಾದದ್ದು ಜಾಗ ಮತ್ತು ಹೊತ್ತು. ನೂರು ಮೀಟರಿಗೂ ಮಿಕ್ಕ ಅಗಲದ ಈ ಕೊಳವನ್ನು ಪಕ್ಕದ ಹಲಗೆ ದಾರಿಯಿಂದ ನೋಡಿದರೆ ಕಾಣುವುದು ಹಬೆ ಮತ್ತು ಒಂದು ಬಣ್ಣದ ಗೆರೆ. ಪಕ್ಷಿನೋಟದಂತಹ ಪ್ರಸಿದ್ಧ ಚಿತ್ರಗಳನ್ನು ಕಂಡು ಡ್ರೋನ್ ಒಯ್ಯಬೇಕೆಂದು ಆಸೆಪಡುವವರು ಆ ಹಣವನ್ನು ಉಳಿಸಿಕೊಳ್ಳಬಹುದು: 2014ರಿಂದ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್ ಹಾರಿಸುವುದಕ್ಕೆ ನಿಷೇಧವಿದೆ, ಅದೇ ವರ್ಷ ಪ್ರವಾಸಿಯೊಬ್ಬರ ಡ್ರೋನ್ ಇದೇ ಕೊಳಕ್ಕೆ ಬಿದ್ದಿತ್ತು. ಫೇರಿ ಫಾಲ್ಸ್ ದಾರಿಯಿಂದ ಕವಲೊಡೆದು ಗುಡ್ಡದ ಮೇಲಿನ ವೀಕ್ಷಣಾ ಕಟ್ಟೆಗೆ ಹೋಗುವ, 2017ರಲ್ಲಿ ತೆರೆದ ಕಾಲುದಾರಿ ಇದೆ. ಏರು ಸುಮಾರು ಮೂವತ್ತು ಮೀಟರ್ ಮಾತ್ರ. ಬೆಳಗ್ಗೆ ಹೋಗಬೇಡಿ. ಚಳಿಯಲ್ಲಿ ಹಬೆ ಕಂಬಳಿಯಂತೆ ಮುಚ್ಚಿರುತ್ತದೆ; ಛಾಯಾಗ್ರಾಹಕರು ಸಾಮಾನ್ಯವಾಗಿ ಮೂಗು ಮುರಿಯುವ ನಡುಮಧ್ಯಾಹ್ನದ ಬಿಸಿಲೇ ಇಲ್ಲಿ ಒಳ್ಳೆಯದು. ಬಣ್ಣದ ಹೊಂದಾಣಿಕೆಯನ್ನು ಕ್ಯಾಮೆರಾದ ವಿವೇಚನೆಗೆ ಬಿಟ್ಟರೆ ಇಷ್ಟೊಂದು ನೀಲಿ ಮತ್ತು ಕಿತ್ತಳೆಯನ್ನು ಕಂಡು ಅದು ದಿಗಿಲುಬಿದ್ದು, ಎರಡನ್ನೂ ಪೇಲವಗೊಳಿಸುತ್ತದೆ. ಹಗಲು ಬೆಳಕಿನ ಸ್ಥಿತಿಗೆ ಬೀಗ ಹಾಕಿಡಬೇಕು. ಈ ವಿಷಯದಲ್ಲಿ ನಿಕಾನ್, ಓಎಂ, ಫೋನ್ ಎಲ್ಲವೂ ಸಮಾನ ಅಪರಾಧಿಗಳು.

ಎರಡು ಕ್ಯಾಮೆರಾಗಳ ನಡುವಿನ ನಿಜವಾದ ವ್ಯತ್ಯಾಸ ಕಂಡದ್ದು ಬಿಳಿ ಹಬೆಯಲ್ಲಿ. ಬಿಸಿಲು ಬಿದ್ದ ಹಬೆ ಹತ್ತಿಯಷ್ಟು ಬೆಳ್ಳಗೆ, ಹಿಂದಿನ ಪೈನ್ ಕಾಡು ಇದ್ದಲಿನಷ್ಟು ಕಪ್ಪಗೆ. ಹಬೆಯ ಮಡಿಕೆಗಳು ಸುಟ್ಟು ಸಪಾಟಾಗದಂತೆ ಎಕ್ಸ್‌ಪೋಷರ್ ತಗ್ಗಿಸಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕಾಡನ್ನು ಬೆಳಗಿಸಬೇಕು. ಈ ಕೆಲಸದಲ್ಲಿ ನಿಕಾನಿನ ದೊಡ್ಡ ಸೆನ್ಸರ್ ಸ್ಪಷ್ಟವಾಗಿ ಮೇಲು. ಎತ್ತಿದ ನೆರಳಿನಲ್ಲಿ ಅದರ ಮರಗಳು ಮರಗಳಾಗಿಯೇ ಉಳಿದವು, ಓಎಂನಲ್ಲಿ ಮರಳು ಎರಚಿದಂತಹ ಕಾಳು ಕಂಡಿತು. ಗೋಡೆಗೆ ತೂಗುಹಾಕುವ ದೊಡ್ಡ ಮುದ್ರಣ ಮಾಡಿಸುವವರಿಗೆ ಇದು ಮುಖ್ಯ. ಫೋನಿನ ಪರದೆಯ ಮೇಲೆ ನೋಡಿಸುವವರಿಗೆ ಹುಡುಕಿದರೂ ಸಿಗದು.

ಓಎಂ-1 ಆ ಸೋಲನ್ನು ಬೇರೆ ರೀತಿಯಲ್ಲಿ ತೀರಿಸಿಕೊಂಡಿತು. ಅದರ ಪ್ರೋ ಕ್ಯಾಪ್ಚರ್ ಸೌಲಭ್ಯವು ಗುಂಡಿಯನ್ನು ಪೂರ್ತಿ ಒತ್ತುವ ಮುನ್ನವೇ ಚಿತ್ರಗಳನ್ನು ತನ್ನ ನೆನಪಿನಲ್ಲಿ ಹಿಡಿದಿಟ್ಟುಕೊಂಡು, ಒತ್ತಿದಾಗ ಹಿಂದಿನ ಕ್ಷಣಗಳನ್ನೂ ಸೇರಿಸಿ ಕೊಡುತ್ತದೆ. ಗೀಸರ್ ಮೊದಲ ಬಾರಿಗೆ ಸಿಡಿಯುವ ಗಳಿಗೆಯನ್ನು ಊಹಿಸುವುದು ಹಾವಾಡಿಗನಿಗೂ ಕಷ್ಟ. ಈ ಸೌಲಭ್ಯದಿಂದ ಅದು ನಾಲ್ಕರಲ್ಲಿ ಮೂರು ಬಾರಿ ಸಿಕ್ಕಿತು. ಐಸ್‌ಲೆಂಡಿನ ಸ್ಟ್ರೋಕ್ಕೂರ್‌ಗೆ ಹೋಗುವವರಿಗಂತೂ, ಸಿಡಿಯುವ ಮುನ್ನ ನೀಲಿ ಗುಮ್ಮಟದಂತೆ ಉಬ್ಬುವ ಅದರ ನೀರಿನ ಚಿತ್ರಕ್ಕೆ, ಇಂಥದ್ದೊಂದು ಸೌಲಭ್ಯ ಇದ್ದೇ ತೀರಬೇಕು ಎನ್ನುತ್ತೇನೆ. ಜೊತೆಗೆ ಕಪ್ಪು ಫಿಲ್ಟರಿನ ಕೆಲಸವನ್ನು ಕ್ಯಾಮೆರಾದೊಳಗೇ ಮಾಡುವ ಲೈವ್ ಎನ್‌ಡಿ ಇದೆ. 64 ಪಟ್ಟಿನವರೆಗೆ ಬೆಳಕನ್ನು ತಗ್ಗಿಸಿದ ಪರಿಣಾಮ ಕೊಡುತ್ತದೆ. ಹಬೆಯನ್ನು ರೇಷ್ಮೆಯಂತೆ ಹರಡಲು ಅರ್ಧ ಸೆಕೆಂಡ್ ಸಾಕು, ನೀರಿನ ಹನಿಗಳನ್ನು ಮುತ್ತಿನಂತೆ ನಿಲ್ಲಿಸಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಬೇಕು. ಈ ಎರಡರ ನಡುವೆ ಒಂದೇ ಚಿಮ್ಮುವಿಕೆಯಲ್ಲಿ, ಏನನ್ನೂ ತಿರುಗಿಸಿ ತೆಗೆಯದೆ ಓಡಾಡಲು ಸಾಧ್ಯವಾದದ್ದು ಆ ಕ್ಯಾಮೆರಾದಲ್ಲಿ ಮಾತ್ರ. ನಾನು ಕೊಂಡಿದ್ದ ಅಗ್ಗದ, ತಿರುಗಿಸಿ ಕಪ್ಪಾಗಿಸುವ ಫಿಲ್ಟರ್ ಹಬೆಯ ನಡುವೆ ದೊಡ್ಡದೊಂದು ಗುಣಾಕಾರ ಚಿಹ್ನೆಯನ್ನು ಮೂಡಿಸಿತು. ಅದರ ಹೆಸರು ಹೇಳುವುದಿಲ್ಲ.

ಟ್ರೈಪಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲಗೆ ದಾರಿಯ ಮೇಲೆ ಯಾರಾದರೂ ನಡೆದರೆ ಇಪ್ಪತ್ತು ಅಡಿ ಆಚೆಯ ಟ್ರೈಪಾಡ್ ಅದುರುತ್ತದೆ, ಓಡುವ ಮಕ್ಕಳಿದ್ದರೆ ಕುಣಿಯುತ್ತದೆ. ಕಾರ್ಬನ್ ಆಗಲಿ ಅಲ್ಯುಮಿನಿಯಂ ಆಗಲಿ ಇಲ್ಲಿ ಒಂದೇ. ಕೈಯಲ್ಲಿ ಹಿಡಿದು, ಕ್ಯಾಮೆರಾದೊಳಗಿನ ಸ್ಥಿರೀಕರಣವನ್ನು ನಂಬಿ ತೆಗೆದ ಅರ್ಧ ಸೆಕೆಂಡಿನ ಚಿತ್ರಗಳು ಟ್ರೈಪಾಡಿನವಕ್ಕಿಂತ ಚೂಪಾಗಿ ಬಂದವು. ಸಂಜೆ ಗ್ರೇಟ್ ಫೌಂಟನ್ ಬಳಿ ಕಾದು ಕೂತಾಗ ಮಾತ್ರ ಅದು ಉಪಯೋಗಕ್ಕೆ ಬಂತು, ಅದೂ ಮುಖ್ಯವಾಗಿ ನನ್ನ ಕೈಗಳ ವಿಶ್ರಾಂತಿಗಾಗಿ.

ಫೋನುಗಳಿಗೆ ನ್ಯಾಯ ಸಲ್ಲಿಸಬೇಕು. ನೀರು ತಡೆಯುವ ವಿಷಯದಲ್ಲಿ ಐಪಿ68 ದರ್ಜೆಯ ಅಕ್ಕನ ಫೋನ್ ನಮ್ಮ ಎರಡೂ ಕ್ಯಾಮೆರಾಗಳಿಗಿಂತ ಗಟ್ಟಿ, ಒರೆಸುವುದೂ ಸುಲಭ. ಮಧ್ಯಾಹ್ನದ ಬೆಳಕಿನಲ್ಲಿ ವೀಕ್ಷಣಾ ಕಟ್ಟೆಯಿಂದ ಆಕೆ ತೆಗೆದ ಕೊಳದ ಚಿತ್ರಕ್ಕೂ ನಮ್ಮದಕ್ಕೂ ಅಂತರ ಹೇಳಲು ಹಿಗ್ಗಿಸಿ ನೋಡಬೇಕಾಯಿತು. ಫೋನು ಸೋತದ್ದು ಮುಂಜಾನೆಯ ಮಂದಬೆಳಕಿನ ಹಬೆಯಲ್ಲಿ. ಅಲ್ಲಿ ಅದು ಹಬೆಯ ನಯವನ್ನೆಲ್ಲ ತೊಡೆದು, ಗೋಡೆಗೆ ಬಳಿದ ಸುಣ್ಣದಂತೆ ಮಾಡಿತು.

ಊರಿಗೆ ಬಂದ ಮೇಲೆ ನಿಕಾನನ್ನು ಮಾರಿ ಓಎಂ ಕೊಳ್ಳಬೇಕೆಂದು ಒಂದು ವಾರ ಯೋಚಿಸಿದೆ. ಕೊಳ್ಳಲಿಲ್ಲ, ಮುದ್ರಿಸಿ ತಂದ ಹಬೆಯ ಚಿತ್ರವನ್ನು ನೋಡಿದಾಗಲೆಲ್ಲ ಆ ಕಪ್ಪು ಕಾಡಿನ ಮರಗಳು ಕೈ ಹಿಡಿದು ನಿಲ್ಲಿಸುತ್ತವೆ. ಆದರೆ ಈಗಷ್ಟೇ ಕ್ಯಾಮೆರಾ ಕೊಳ್ಳಲು ಹೊರಟಿರುವ, ಮಾರಲು ಏನೂ ಇಲ್ಲದವರು ಕೇಳಿದರೆ, ಬುಗ್ಗೆಗಳ ಕೆಲಸಕ್ಕೆ ಓಎಂ-1 ಮತ್ತು 12-100 ಜೋಡಿಯನ್ನೇ ಹೇಳುತ್ತೇನೆ. ನನಗಾಗಿ ಕೊಂಡದ್ದು ಎರಡು 77 ಎಂಎಂ ಪಾರದರ್ಶಕ ಫಿಲ್ಟರ್, ಒಳ್ಳೆಯದೊಂದು ಪೋಲರೈಸರ್, ಒಂದು ಬೆಚ್ಚನೆ ಪಟ್ಟಿ ಮತ್ತು ಒಂದು ಡಜನ್ ಒರೆಸುವ ಬಟ್ಟೆ. ಬರುವ ಬೇಸಿಗೆಗೆ ಲಡಾಖಿನ ಪೂಗಾ ಕಣಿವೆಗೆ ಹೋಗುವ ಯೋಚನೆಯಿದೆ; ಅಲ್ಲಿನ ಬಿಸಿನೀರಿನ ಬುಗ್ಗೆಗಳಿರುವುದು 4,400 ಮೀಟರ್ ಎತ್ತರದಲ್ಲಿ, ಅಂದರೆ ಯೆಲ್ಲೊಸ್ಟೋನಿನ ಚಳಿಗಿಂತ ಒಂದು ಕೈ ಮೇಲು. ಆ ಎತ್ತರದಲ್ಲಿ ಪವರ್‌ಬ್ಯಾಂಕ್ ಎಷ್ಟು ಹೊತ್ತು ಬಾಳುತ್ತದೆಯೋ ನೋಡಬೇಕು ಎಂದು, ಸದ್ಯಕ್ಕೆ ಅದನ್ನು ಫ್ರಿಜ್ಜಿನಲ್ಲಿಟ್ಟು ಪರೀಕ್ಷಿಸುತ್ತಿದ್ದೇನೆ.